ಆಮೆಗೊಂದು ಕೌದಿ

ಅಣ್ಣಿಗೇರಿಯ ಚಳಿ ದೊಡ್ಡ ಚಳಿಯೇನಲ್ಲ. ಶಿಮ್ಲಾದವರಿಗೆ ಹೇಳಿದರೆ ನಕ್ಕಾರು. ಆದರೆ ಚಳಿಯನ್ನು ಡಿಗ್ರಿಯಲ್ಲಿ ಅಳೆಯುವುದು ಹವಾಮಾನ ಇಲಾಖೆಯವರ ಕೆಲಸ. ನಾವು ಅಳೆಯುವುದು ಮಫ್ಲರಿನಲ್ಲಿ. ಛಟ್ಟಿ ಅಮಾವಾಸ್ಯೆ ದಾಟಿತೆಂದರೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ಕಿವಿ ಕಾಣುವ ಗಂಡಸು ಒಬ್ಬನೂ ಸಿಗುವುದಿಲ್ಲ. ರಾತ್ರಿ 14–15 ಡಿಗ್ರಿಗೆ ಇಳಿದ ಪಾರಾ ಮಧ್ಯಾಹ್ನ 30ರ ಹತ್ತಿರ ಏರುತ್ತದೆ. ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡು ಬಂದವನು ಊಟದ ಹೊತ್ತಿಗೆ ಅದೇ ಮಫ್ಲರಿನಿಂದ ಬೆವರು ಒರೆಸಿಕೊಳ್ಳುತ್ತ ಮನೆಗೆ ಹೋಗುತ್ತಾನೆ.

ಈ ಚಳಿ ನಮಗೆ ಬೇಕು. ಎರಿ ಭೂಮಿಯ ಹಿಂಗಾರಿ ನಿಂತಿರುವುದೇ ಇದರ ಮೇಲೆ. ಕಡಲೆ, ಬಿಳಿಜೋಳ, ಕುಸುಬಿ ಇವೆಲ್ಲ ಮಳೆ ಹೋದ ಮೇಲೆ ಮಣ್ಣಿನ ಹಸಿಯಲ್ಲಿ, ಬೆಳಗಿನ ಇಬ್ಬನಿಯಲ್ಲಿ ಬೆಳೆಯುವಂಥವು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಕಡಲೆ ಹೊಲದಲ್ಲಿ ಬರಿಗಾಲಿನಲ್ಲಿ ನಡೆದು ನೋಡಿ, ಎಲೆಯ ಹುಳಿ ಹತ್ತಿ ಕಾಲು ಚುರುಚುರು ಅನ್ನುತ್ತದೆ. ಹಿಂದಿನವರು ನಸುಕಿನಲ್ಲಿ ಆ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ, ಇಬ್ಬನಿಯ ಜೊತೆಗೆ ಹುಳಿಯನ್ನೂ ಹೀರಿಸಿ, ಹಿಂಡಿ ಬಾಟಲಿ ತುಂಬಿಡುತ್ತಿದ್ದರು, ಹೊಟ್ಟೆನೋವಿಗೆ ಮದ್ದು. ಇದು ಆದಿಕವಿ ಪಂಪನ ಊರು ಎಂಬುದನ್ನೂ ಹೇಳಿಬಿಡುತ್ತೇನೆ. ಅಣ್ಣಿಗೇರಿಯವನು ಯಾವ ವಿಷಯಕ್ಕೆ ಕೈ ಹಾಕಿದರೂ ಪಂಪನ ಹೆಸರು ಎತ್ತದೆ ಮುಂದೆ ಹೋಗುವುದಿಲ್ಲ. ಎತ್ತಿ ಆಯಿತು. ಇನ್ನು ಆಮೆಗೆ ಬರಬಹುದು.

ಆಮೆ ಇರುವುದು ಅಣ್ಣಿಗೇರಿಯಲ್ಲಲ್ಲ, ಇಂಗ್ಲೆಂಡಿನ ಲೀಡ್ಸಿನಲ್ಲಿ. ಅಲ್ಲಿ ನಮ್ಮ ಅಕ್ಕನ ಮಗಳ ಸಂಸಾರ. ಅವಳ ಎಂಟು ವರ್ಷದ ಮಗ ನಾಯಿ ಬೇಕೆಂದು ಹಟ ಹಿಡಿದ. ಬಾಡಿಗೆ ಮನೆಯಲ್ಲಿ ನಾಯಿಗೆ ಅಪ್ಪಣೆ ಇಲ್ಲ. ಮೊಲ ಬೇಡ, ಬೆಕ್ಕು ಬೇಡ ಅಂತ ಚೌಕಾಸಿ ನಡೆದು ಕೊನೆಗೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಆಮೆಮರಿಗೆ ರಾಜಿಯಾಯಿತು. ಹರ್ಮನ್ ಆಮೆ ಎಂಬ ಜಾತಿ. ಮೂಲ ಇಟಲಿ, ಗ್ರೀಸ್ ಮತ್ತು ಬಾಲ್ಕನ್ ನಾಡುಗಳ ಒಣ ಗುಡ್ಡಗಳು. ಮರಿಯ ಜೊತೆಗೆ ಸರಕಾರದ ಸರ್ಟಿಫಿಕೇಟೂ ಬಂತು. ಹೆಸರು ಗುಂಡ. ಹುಡುಗನಿಗೆ ಕನ್ನಡ ಅಷ್ಟಕ್ಕಷ್ಟೇ, ಆದರೆ ‘ಗುಂಡ್ಯಾ’ ಎಂದು ಕರೆಯುವಾಗ ಮಾತ್ರ ಅಪ್ಪಟ ನವಲಗುಂದ ಸೀಮೆಯವನು.

ಭಾನುವಾರದ ವಿಡಿಯೋ ಕಾಲಿನಲ್ಲಿ ಗುಂಡನ ದರ್ಶನವಾದ ಮೇಲೆ ನಮ್ಮ ಅವ್ವನಿಗೆ ಮೊಮ್ಮಗಳ ಯೋಗಕ್ಷೇಮ ಎರಡನೆಯ ಮಾತಾಯಿತು. ಅವ್ವನಿಗೆ ಎಂಬತ್ತು ದಾಟಿದೆ.

“ಅಲ್ಲೆ ಹಿಮಾ ಬೀಳತೈತಿ ಅಂತೀ, ಆ ಕೂಸಿಗೆ ಏನ್ ಹೊಚ್ಚೀಯವ್ವಾ?”

“ಏನೂ ಹೊಚ್ಚಿಲ್ಲ ಆಯಿ. ಮ್ಯಾಲೆ ಒಂದು ಬಲ್ಬ್ ಹಚ್ಚೇವಿ.”

“ಬಲ್ಬ್ ಹಚ್ಚಿದ್ರ ಥಂಡಿ ಹೋಗತೈತೇನು? ತಡಿ, ಸಣ್ಣದೊಂದು ಕೌದಿ ಹೊಲದು ಕಳಸ್ತೀನಿ.”

ಹೊಲಿದೇಬಿಟ್ಟಳು. ಹಳೆಯ ಇಳಕಲ್ ಸೀರೆಯ ದಡಿ, ನನ್ನ ಹರಿದ ಧೋತರ, ಯಾರದೋ ಲಂಗದ ತುಂಡು ಎಲ್ಲ ಸೇರಿ ಒಂದು ಗೇಣು ಉದ್ದದ ಕೌದಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಕೌದಿಯನ್ನು ಪಾರ್ಸಲ್ ಮಾಡುವ ಕೆಲಸ ನನಗೆ ಬಂದಾಗ ಸುಮ್ಮನಿರಲಾಗದೆ ಪಾಠ ಶುರು ಮಾಡಿದೆ. ಕೌದಿ ಬಿಸಿ ಹುಟ್ಟಿಸುವುದಿಲ್ಲ. ಒಳಗಿದ್ದವರ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಅಷ್ಟೇ. ನಮ್ಮ ಮೈ ಹಗಲು ರಾತ್ರಿ 37 ಡಿಗ್ರಿ ಕಾಯ್ದುಕೊಂಡಿರುತ್ತದೆ, ತಿಂದ ಸಜ್ಜಿ ರೊಟ್ಟಿಯ ದೊಡ್ಡ ಪಾಲು ಅದಕ್ಕೇ ಖರ್ಚು. ಆಮೆ ಆ ಖರ್ಚು ಇಟ್ಟುಕೊಂಡಿಲ್ಲ. ಕೋಣೆ 12 ಡಿಗ್ರಿ ಇದ್ದರೆ ಅದರ ಮೈಯೂ 12. ಅಂಥದಕ್ಕೆ ಕೌದಿ ಹೊಚ್ಚಿದರೆ ಒಳಗಿನ ತಂಪೇ ಭದ್ರವಾಗಿ ಉಳಿಯುತ್ತದೆ. ಐಸ್ ಮಾರುವವರು ಐಸ್‌ಗಡ್ಡೆಗೆ ಗೋಣಿಚೀಲ ಸುತ್ತುವುದು ಅದಕ್ಕೆ ಚಳಿಯಾದೀತೆಂದಲ್ಲವಲ್ಲ.

ಅವ್ವ ಪೂರ್ತಿ ಕೇಳಿದಳು. ಕೇಳಿ, “ನಿನಗ ಯಾರು ಕೌದಿ ಹೊಚ್ಚಿ ಬೆಳಿಸ್ಯಾರ ಅನ್ನೂದು ಮರತಿ” ಅಂದಳು. ಪಾರ್ಸಲ್ ಹೋಯಿತು.

ಈ ಒಂದು ವಿಷಯ ತಿಳಿದರೆ ಆಮೆಮರಿಯ ಚಳಿಗಾಲದ ಆರೈಕೆ ಮುಕ್ಕಾಲು ತಿಳಿದಂತೆ. ಆಮೆಗೆ ಹೊದಿಕೆ ಬೇಡ, ಬಿಸಿಲು ಬೇಕು. ಬಿಸಿಲಿಲ್ಲದ ದೇಶದಲ್ಲಿ ಬಿಸಿಲನ್ನು ಬಾಡಿಗೆಗೆ ತರಬೇಕು, ಬಾಡಿಗೆಯನ್ನು ಕರೆಂಟ್ ಬಿಲ್ಲಿನಲ್ಲಿ ಕಟ್ಟಬೇಕು. ಗುಂಡನಿಗೆ ಒಂದು ಅಗಲವಾದ ಮರದ ಪೆಟ್ಟಿಗೆ. ಅದರ ಒಂದು ಮೂಲೆಯ ಮೇಲೆ ಬಿಸಿ ಬಲ್ಬು; ಕೆಳಗೆ ಇಟ್ಟ ಚಪ್ಪಟೆ ಕಲ್ಲಿನ ಮೇಲೆ, ಆಮೆಯ ಬೆನ್ನಿನ ಎತ್ತರದಲ್ಲಿ ಅಳೆದರೆ 32–35 ಡಿಗ್ರಿ ಇರಬೇಕು. ಇನ್ನೊಂದು ಮೂಲೆ 20–22ರಲ್ಲಿ ತಂಪಾಗಿರಬೇಕು. ಎರಡೂ ಯಾಕೆ ಅಂದರೆ ತನಗೆ ಎಷ್ಟು ಬಿಸಿ ಸಾಕೆಂದು ಆಮೆಗೆ ಗೊತ್ತು, ನಮಗೆ ಗೊತ್ತಿಲ್ಲ. ಕಾದ ಮೇಲೆ ಅದೇ ಎದ್ದು ನೆರಳಿಗೆ ಹೋಗುತ್ತದೆ. ಇಡೀ ಪೆಟ್ಟಿಗೆಯನ್ನೇ ಬಿಸಿ ಮಾಡಿಟ್ಟರೆ ಹೋಗಲು ಜಾಗವೇ ಇಲ್ಲದೆ ಬೆಂದುಹೋಗುತ್ತದೆ. ಮರಿಗಳು ಚಳಿಗೆ ಸಾಯುವುದಕ್ಕಿಂತ ಬೇಗ ಸೆಖೆಗೆ ಸಾಯುತ್ತವೆ. ಗಾಜಿನ ತೊಟ್ಟಿಯಲ್ಲಿಟ್ಟು ಎಳೆಬಿಸಿಲು ಕಾಯಲಿ ಎಂದು ಕಿಟಕಿಯ ಹತ್ತಿರ ಬಿಟ್ಟು ಪೇಟೆಗೆ ಹೋದವರು ಮರಳಿ ಬಂದು ಅತ್ತ ಕಥೆಗಳು ಬೇಕಾದಷ್ಟಿವೆ.

ಬಿಸಿ ಮೇಲಿನಿಂದ ಬರಬೇಕು ಎಂಬುದು ಇನ್ನೊಂದು ಸೂಕ್ಷ್ಮ. ಕೆಳಗೆ ಬಿಸಿ ಹಾಸಿಗೆ ಹಾಸುವ ಸಾಮಾನುಗಳು ಪೇಟೆಯಲ್ಲಿ ಸಿಗುತ್ತವೆ, ನಮ್ಮ ಬಾಣಂತಿ ಹೊರಸಿನ ಕೆಳಗಿನ ಕೆಂಡದ ಅಗ್ಗಿಷ್ಟಿಕೆಯ ವಂಶದವು. ಬಾಣಂತಿಗೆ ಅದು ಸರಿ, ಆಮೆಗಲ್ಲ. ಸಾವಿರಾರು ತಲೆಮಾರುಗಳಿಂದ ಅದು ಕಂಡ ಬಿಸಿ ನೆತ್ತಿಯ ಮೇಲಿನ ಸೂರ್ಯ. ಸೆಖೆಯಾದರೆ ಅದು ಕೆಳಗೆ ಮಣ್ಣು ತೋಡಿ ಇಳಿಯುತ್ತದೆ. ಕೆಳಗೇ ಬೆಂಕಿ ಇಟ್ಟರೆ ಪಾರಾಗಲು ಹೊರಟದ್ದು ನೇರವಾಗಿ ಅದರೊಳಗೇ ಇಳಿದಂತಾಯಿತು. ರಾತ್ರಿ ದೀಪ ಆರಿಸಬೇಕು, ಕತ್ತಲೆ ಬೇಕು. ಮನೆ ತೀರ ತಣ್ಣಗಾಗುವುದಾದರೆ ಬೆಳಕಿಲ್ಲದೆ ಬರೀ ಕಾವು ಕೊಡುವ ಸೆರಾಮಿಕ್ ಹೀಟರ್, ಅದಕ್ಕೊಂದು ಥರ್ಮೋಸ್ಟಾಟ್.

ಬಲ್ಬಿನ ಪಕ್ಕದಲ್ಲಿ ಇನ್ನೊಂದು ಟ್ಯೂಬು. ಅದು ಬಿಸಿಲಿನ ಕಣ್ಣಿಗೆ ಕಾಣದ ಭಾಗವಾದ ಅತಿನೇರಳೆ ಬಿ ಕಿರಣಗಳನ್ನು ಕೊಡುತ್ತದೆ. ಆ ಕಿರಣ ಬಿದ್ದರೆ ಮಾತ್ರ ಮೈಯಲ್ಲಿ ಡಿ3 ವಿಟಮಿನ್ ಹುಟ್ಟಿ, ಸುಣ್ಣ ಎಲುಬಿಗೂ ಚಿಪ್ಪಿಗೂ ಸೇರುವುದು. ಇಲ್ಲದಿದ್ದರೆ ಬೆಳೆಯುವ ಮರಿಯ ಚಿಪ್ಪು ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಕಿಟಕಿಯ ಗಾಜು ಈ ಕಿರಣವನ್ನು ತಡೆದುಬಿಡುತ್ತದೆ. ಗಾಜಿನ ಹಿಂದಿನ ಬಿಸಿಲು ಬರೀ ಬಿಸಿ. ಟ್ಯೂಬಿನಲ್ಲೂ ಒಂದು ಮೋಸವಿದೆ: ವರ್ಷದೊಳಗೆ ಕಿರಣ ತೀರಿಹೋಗಿರುತ್ತದೆ, ಬೆಳಕು ಮಾತ್ರ ಮೊದಲಿನಷ್ಟೇ ಇರುತ್ತದೆ. ಉರಿಯುತ್ತಿದೆಯಲ್ಲ ಎಂದು ಸುಮ್ಮನಿರದೆ ಬದಲಿಸಬೇಕು. ಈ ಲೆಕ್ಕ ಕೇಳಿದಾಗ ನನ್ನ ಅಳಿಯ ಅಂದದ್ದು ಒಂದೇ ಮಾತು: “ಮಾಮಾ, ನಾಯಿ ಸಾಕಿದ್ರ ಸಸ್ತಾ ಆಗ್ತಿತ್ತು.”

ಅವ್ವನಿಗೆ ಪೂರ್ತಿ ಸಮಾಧಾನ ಕೊಟ್ಟದ್ದು ಸ್ನಾನದ ಸುದ್ದಿ. ಒಳಮನೆಯ ಒಣಗಾಳಿಯಲ್ಲಿ ಮರಿ ಬೇಗ ಬಾಯಾರುತ್ತದೆ. ಹಾಗಾಗಿ ಅಗಲವಾದ ತಾಟಿನಲ್ಲಿ ಗದ್ದ ಮುಳುಗದಷ್ಟು ಉಗುರುಬೆಚ್ಚಗಿನ ನೀರು ಹಾಕಿ, ವಾರದಲ್ಲಿ ಕೆಲವು ದಿನ ಹದಿನೈದು ನಿಮಿಷ ಕೂರಿಸುತ್ತಾರೆ. ಅದು ನೀರು ಕುಡಿಯುತ್ತದೆ, ಹೊಟ್ಟೆ ಖಾಲಿ ಮಾಡುತ್ತದೆ. ಆಮೇಲೆ ಒರೆಸಿ ಬಲ್ಬಿನ ಕೆಳಗೆ ಬಿಡಬೇಕು. “ಕೂಸಿಗೆ ಎರದಂಗಾತು” ಎಂದು ಅವ್ವ ಹಿಗ್ಗಿದಳು. ಹಿಗ್ಗಿ, ಎರೆಯುವ ಮೊದಲು ಬೆನ್ನಿಗೆ ಕೊಬ್ಬರಿ ಎಣ್ಣೆ ತಿಕ್ಕಬೇಕೆಂದಳು, ಆಮೇಲೆ ಲೋಬಾನದ ಹೊಗೆ ಕೊಡಬೇಕೆಂದಳು. ಎರಡಕ್ಕೂ ನಾನು ಅಡ್ಡ ಬಂದೆ. ಎಣ್ಣೆ ಹಚ್ಚಿದ ಚಿಪ್ಪು ಫೋಟೋಕ್ಕೆ ಚಂದ ಮಿಂಚೀತು, ಆದರೆ ಧೂಳು ಹಿಡಿಯುತ್ತದೆ. ಚಿಪ್ಪು ಸತ್ತ ಡಬ್ಬಿಯಲ್ಲ, ಒಳಗೆ ಎಲುಬು, ನರ, ರಕ್ತ ಇರುವ ಮೈ. ಹೊಗೆಯಂತೂ ಬೇಡವೇ ಬೇಡ.

ಯಾಕೆಂದರೆ ಆಮೆಯ ಬಲಹೀನತೆ ಇರುವುದೇ ಉಸಿರಿನಲ್ಲಿ. ನಮ್ಮ ಎದೆ ಉಬ್ಬುತ್ತದೆ, ಇಳಿಯುತ್ತದೆ. ಅದರ ಪಕ್ಕೆಲುಬುಗಳು ಚಿಪ್ಪಿಗೇ ಬೆಸೆದುಹೋಗಿವೆ. ನಮಗಿರುವ ವಪೆ ಅದಕ್ಕಿಲ್ಲ, ಗಟ್ಟಿಯಾಗಿ ಕೆಮ್ಮಿ ಕಫ ಹೊರಹಾಕಲು ಬರುವುದಿಲ್ಲ. ತಂಪಿನಲ್ಲಿ ನೆಗಡಿ ಹತ್ತಿ ಅದು ಎದೆಗಿಳಿದರೆ ಅಲ್ಲೇ ಕೂತುಬಿಡುತ್ತದೆ. ಮೂಗಿನ ತುದಿಯಲ್ಲಿ ಗುಳ್ಳೆ, ಮುಚ್ಚಿದ ಕಣ್ಣು, ಸಿಳ್ಳೆಯ ಸದ್ದು, ಕತ್ತು ಚಾಚಿ ಬಾಯಿ ತೆರೆದು ಎಳೆಯುವ ಉಸಿರು ಇವು ಕಂಡರೆ ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಓಡಬೇಕು. ಹಂಸಗಳು ಕಚ್ಚಿ ಹಿಡಿದ ಕೋಲಿಗೆ ಜೋತುಬಿದ್ದು ಆಕಾಶದಲ್ಲಿ ಹೋಗುತ್ತಿದ್ದ ಪಂಚತಂತ್ರದ ಆಮೆ ಬಾಯಿ ಬಿಟ್ಟು ಸತ್ತಿತೆಂದು ಶಾಲೆಯಲ್ಲಿ ಮಾತು ಕಡಿಮೆ ಮಾಡುವ ನೀತಿ ಹೇಳುತ್ತಿದ್ದೆ. ಬಾಯಿ ಬಿಟ್ಟ ಆಮೆಗೆ ನಿಜಕ್ಕೂ ಗಂಡಾಂತರವಿದೆ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಊಟದ ವಿಷಯದಲ್ಲಿ ಅಣ್ಣಿಗೇರಿಗೆ ಗೆಲುವು. ಹರ್ಮನ್ ಮರಿಗೆ ಹಣ್ಣು ಬೇಡ, ಬೇಳೆಕಾಳು ಬೇಡ, ಹಾಲು ಅನ್ನ ಮೊದಲೇ ಬೇಡ. ಬೇಕಾದದ್ದು ಕಳೆ ಸೊಪ್ಪು. ಅಲ್ಲಿಯವರು ಡ್ಯಾಂಡೆಲಿಯನ್ ಎಂಬ ಗಿಡದ ಎಲೆಯನ್ನು ಆಮೆಗಳ ಮುಖ್ಯ ಆಹಾರವೆನ್ನುತ್ತಾರೆ. ಮೊಮ್ಮಗಳು ಅದನ್ನು ಕ್ಯಾಮರಾದ ಮುಂದೆ ಹಿಡಿದಳು. ಎಲೆ ಮುರಿದಳು, ಹಾಲು ಬಂತು. ಅವ್ವ ಕನ್ನಡಕ ಏರಿಸಿ ನೋಡಿ, “ಇದು ನಮ್ಮ ಹಕ್ಕರಕಿ ಕುಲದ್ದ!” ಅಂದಳು. ತಪ್ಪಲ್ಲ, ಎರಡೂ ಒಂದೇ ಬಳಗದ ಗಿಡಗಳು. ಹಿಂಗಾರಿ ಹೊಲದ ಬದುವಿನಿಂದ ಕಿತ್ತು ತಂದ ಹಕ್ಕರಕಿಯನ್ನು ಕಟಿಕಟಿ ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ನಾವು ಒಂದು ಲೆಕ್ಕದಲ್ಲಿ ಆಮೆಯ ಪಂಕ್ತಿಯವರೇ. ಸುಣ್ಣದಂಶಕ್ಕೆ ಅಲ್ಲಿ ಪೆಟ್ಟಿಗೆಯಲ್ಲಿಡುವ ಬಿಳಿ ಚಪ್ಪಟೆ ತುಂಡು ಯಾವುದೆಂದು ನೋಡಿದರೆ, ನಾಟಿ ಔಷಧದ ಅಂಗಡಿಯಲ್ಲಿ ಕಿವಿನೋವಿಗೆಂದು ಮಾರುವ ಸಮುದ್ರ ನೊರೆ. ಅದು ನೊರೆಯಲ್ಲ, ಕಪ್ಪೆಬೊಂಡಾಸ್ ಎಂಬ ಕಡಲಜೀವಿಯ ಒಳಗಿನ ಎಲುಬು.

ಇಷ್ಟು ಆದ ಮೇಲೆ ಒಂದು ಭಾನುವಾರ ಅವ್ವ ತನ್ನ ಕೊನೆಯ ಅಸ್ತ್ರ ತೆಗೆದಳು. ಮಠದ ಪುರಾಣದಲ್ಲಿ ಕೇಳಿದ್ದು. ಹಕ್ಕಿ ಮುಟ್ಟಿ ಮರಿ ಮಾಡುತ್ತದೆ, ಮೀನು ನೋಡಿ ಮರಿ ಮಾಡುತ್ತದೆ, ಆಮೆ ನೆನೆದು ಮರಿ ಮಾಡುತ್ತದೆ. ದಂಡೆಯ ಮಣ್ಣಿನಲ್ಲಿ ತತ್ತಿ ಇಟ್ಟು ನೀರಿಗೆ ಹೋದ ತಾಯಾಮೆ ಅಲ್ಲಿಂದಲೇ ಮಕ್ಕಳನ್ನು ನೆನೆಯುತ್ತಿರುತ್ತದೆ. ಆ ನೆನಪಿನ ಕಾವಿಗೆ ತತ್ತಿ ಒಡೆಯುತ್ತವೆ. ಇದು ಬರೀ ಅಜ್ಜಿಕಥೆಯಲ್ಲ. ಕುಲಾರ್ಣವ ತಂತ್ರದಂಥ ಗ್ರಂಥಗಳು ಗುರು ಕೊಡುವ ದೀಕ್ಷೆಯ ಬಗೆಗಳನ್ನು ಹೇಳುವಾಗ ಈ ಮೂರು ತಾಯಂದಿರನ್ನೇ ತರುತ್ತವೆ: ಮುಟ್ಟಿ ಕೊಡುವುದು ಹಕ್ಕಿಯ ರೀತಿ, ನೋಟದಲ್ಲಿ ಕೊಡುವುದು ಮೀನಿನದು, ನೆನೆದು ಕೊಡುವುದು ಆಮೆಯದು.

ಕಲ್ಪನೆ ಎಷ್ಟು ಚೆಂದವೋ ತಾಯಾಮೆ ಅಷ್ಟೇ ನಿರ್ಮೋಹಿ. ಹಿಂಗಾಲಿನಿಂದ ಗುಂಡಿ ತೋಡಿ, ತತ್ತಿ ಇಟ್ಟು, ಮಣ್ಣು ಮುಚ್ಚಿ, ತಟ್ಟಿ ಗಟ್ಟಿ ಮಾಡಿ ಹೋದರೆ ತಿರುಗಿ ನೋಡುವುದಿಲ್ಲ. ಕಾವು ಕೊಡುವುದು ಮಣ್ಣು, ಮಣ್ಣಿಗೆ ಕೊಡುವುದು ಸೂರ್ಯ. ಬಹಳಷ್ಟು ಆಮೆಗಳಲ್ಲಿ ಮರಿ ಗಂಡೋ ಹೆಣ್ಣೋ ಎಂಬುದೂ ಆ ಕಾವಿನಿಂದಲೇ ತೀರ್ಮಾನವಾಗುತ್ತದೆ: ಮಣ್ಣು ಒಂದೆರಡು ಡಿಗ್ರಿ ತಂಪಿದ್ದರೆ ಗಂಡು, ಬಿಸಿಯಿದ್ದರೆ ಹೆಣ್ಣು. ಇದನ್ನು ಅವ್ವನಿಗೆ ಹೇಳಲಿಲ್ಲ. ಲೀಡ್ಸಿನಲ್ಲಿ ಮೊಮ್ಮಗಳು, ಅಣ್ಣಿಗೇರಿಯಲ್ಲಿ ತಾನು ಇರುವಾಗ ನೆನಪಿಗೆ ಕಾವಿಲ್ಲವೆಂದು ಅವಳ ಮುಂದೆ ಸಾಧಿಸುವ ಜರೂರು ನನಗೆ ಕಾಣಲಿಲ್ಲ.

ಆಮೆಗೆ ನಮ್ಮಲ್ಲಿ ಗೌರವಕ್ಕೇನೂ ಕೊರತೆಯಿಲ್ಲ, ಉಪಕಾರಕ್ಕೇ ಕೊರತೆ. ನಮ್ಮ ಊರಿನ ಹಿರಿಯ ಗುಡಿ ಅಮೃತೇಶ್ವರನದು. 1050ರ ಸುಮಾರಿಗೆ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಟ್ಟಿದ್ದು, 76 ಕಂಬಗಳ ಮೇಲೆ ನಿಂತಿದೆ. ಆ ಅಮೃತ ಬಂದದ್ದು ಎಲ್ಲಿಂದ? ಪಾಲ್ಗಡಲು ಕಡೆಯುವಾಗ ಮಂದರಗಿರಿ ಮುಳುಗದಂತೆ ಬೆನ್ನು ಕೊಟ್ಟದ್ದು ಆಮೆ. ಮೇಲೆ ದೇವತೆಗಳೂ ರಾಕ್ಷಸರೂ ಹಗ್ಗ ಜಗ್ಗಿದರು. ಅಮೃತ ಬಂತು, ಲಕ್ಷ್ಮಿ ಬಂದಳು, ಐರಾವತ, ಕಲ್ಪವೃಕ್ಷ ಎಲ್ಲ ಬಂದು ಹಂಚಿಕೆಯಾಯಿತು. ಆಮೆಯ ಪಾಲಿಗೆ ಏನು ಬಂತೆಂದು ಯಾವ ಪುರಾಣಿಕರೂ ಹೇಳಿದ್ದನ್ನು ನಾನು ಕೇಳಿಲ್ಲ. ಈಗಲೂ ಅಂಗಡಿ ಗಲ್ಲೆಯ ಮೇಲೆ ತಾಟಿನ ನೀರಿನಲ್ಲಿ ಹಿತ್ತಾಳೆಯ ಆಮೆ ಕೂತಿರುತ್ತದೆ, ಲಾಭ ತರಲಿ ಎಂದು. ಅದು ಉತ್ತಮ. ಹಿತ್ತಾಳೆಯದಕ್ಕೆ ಥಂಡಿ ಆಗುವುದಿಲ್ಲ.

ಮುಖ್ಯ ಪ್ರಶ್ನೆ ಬಂದದ್ದು ಡಿಸೆಂಬರಿನಲ್ಲಿ. ಗುಂಡ ಮಂಕಾದ. ಹಕ್ಕರಕಿ ಬೇಡ ಅಂದ. ಹುಡುಗನಿಗೆ ಶಾಲೆಯಲ್ಲಿ ಗೆಳೆಯರು ಹೇಳಿದ್ದರಂತೆ, ಆಮೆ ಚಳಿಗಾಲವಿಡೀ ನಿದ್ದೆ ಮಾಡುತ್ತದೆ, ಮಲಗಲು ಬಿಡಬೇಕು ಎಂದು. ಸತ್ಯವೇ. ಹರ್ಮನ್ ಆಮೆ ತನ್ನ ನಾಡಿನಲ್ಲಿ ಚಳಿಗಾಲ ಮಣ್ಣಿನಡಿ ಮಲಗುತ್ತದೆ. ಆದರೆ ಆ ನಿದ್ದೆಗೆ ಕಟ್ಟುನಿಟ್ಟಿನ ತಾಪ ಬೇಕು, 5 ಡಿಗ್ರಿಯ ಆಸುಪಾಸು. ಸೊನ್ನೆಗಿಳಿದರೆ ಕಣ್ಣು ಹೆಪ್ಪುಗಟ್ಟಿ ಕುರುಡಾಗುತ್ತದೆ, ಜೀವವೂ ಹೋಗಬಹುದು. 10 ದಾಟಿದರೆ ಅರೆಎಚ್ಚರವಾಗಿ, ತಿನ್ನದೆ, ಮೈಯಲ್ಲಿದ್ದದ್ದನ್ನು ಕರಗಿಸುತ್ತದೆ. ಮಲಗುವ ಮುಂಚೆ ಕೆಲವು ವಾರ ಉಪವಾಸವೂ ಆಗಬೇಕು, ಯಾಕೆಂದರೆ ತಣ್ಣಗಿನ ಹೊಟ್ಟೆ ಜೀರ್ಣ ಮಾಡುವುದಿಲ್ಲ, ಉಳಿದ ಆಹಾರ ಒಳಗೇ ಕೊಳೆಯುತ್ತದೆ. ಇದನ್ನೆಲ್ಲ ಸಾಧಿಸಲು ಅಲ್ಲಿ ಬಲ್ಲವರು ಆಮೆಗೆಂದೇ ಒಂದು ಫ್ರಿಜ್ ಇಟ್ಟು, ದಿನಾ ಬಾಗಿಲು ತೆರೆದು ಗಾಳಿಯಾಡಿಸಿ, ಆಗಾಗ ತೂಕ ನೋಡುತ್ತಾರೆ. “ಚಳಿಗೆ ಫ್ರಿಜ್ಜಿನ್ಯಾಗ ಇಡ್ತಾರ?” ಎಂದು ಅವ್ವ ಬಾಯಿಗೆ ಸೆರಗು ಹಚ್ಚಿದಳು.

ಎಳೆಯ ಮರಿಯನ್ನು ಮೊದಲ ಚಳಿಗಾಲಗಳಲ್ಲಿ ಮಲಗಿಸದೆ, ಬಲ್ಬಿನಡಿ ಎಚ್ಚರವಾಗಿಯೇ ದಾಟಿಸುವವರೂ ಅಲ್ಲಿ ಬಹಳ ಮಂದಿ. ಮನೆಯವರು ಅದನ್ನೇ ಆರಿಸಿಕೊಂಡಿದ್ದರು. ಹಾಗಿದ್ದರೆ ಮಂಕು ಯಾಕೆ? ಕರೆಂಟ್ ಉಳಿಸಲೆಂದು ಅಳಿಯ ಬಲ್ಬನ್ನು ಬೇಗ ಆರಿಸುತ್ತಿದ್ದ, ರಾತ್ರಿ ಕೋಣೆ 13–14ಕ್ಕೆ ಇಳಿಯುತ್ತಿತ್ತು, ಹಗಲೂ ಹೆಚ್ಚು ಏರುತ್ತಿರಲಿಲ್ಲ. ಮಲಗಲು ಬೇಕಾದಷ್ಟು ತಂಪಿಲ್ಲ, ತಿಂದು ಅರಗಿಸಲು ಬೇಕಾದಷ್ಟು ಬಿಸಿಯಿಲ್ಲ. ನನ್ನ ಮಟ್ಟಿಗೆ ಆಮೆ ಸಾಕುವವರು ತಿಳಿಯಬೇಕಾದ ಅಪಾಯ ಈ ನಡುವಿನ ಸ್ಥಿತಿಯೇ. ಒಂದೋ ಪೂರ್ತಿ ಬೇಸಿಗೆ ಕೊಡಬೇಕು, ಇಲ್ಲವೇ ಬಲ್ಲವರ ಕೈಯಲ್ಲಿ ಪೂರ್ತಿ ಚಳಿಗಾಲ ಕೊಡಬೇಕು. ಬಲ್ಬನ್ನು ಟೈಮರಿಗೆ ಹಾಕಿ ದಿನಕ್ಕೆ ಹನ್ನೆರಡು ತಾಸು ಉರಿಸಿದ ಮೇಲೆ ಗುಂಡ ಸೊಪ್ಪಿಗೆ ಬಾಯಿ ಹಾಕಿದ.

ಅಣ್ಣಿಗೇರಿಯ ರಾತ್ರಿಯೂ 14 ಡಿಗ್ರಿಯೇ ಅಲ್ಲವೆ, ಇಲ್ಲಿಯ ಜೀವಿಗಳಿಗೆ ಏನೂ ಆಗುವುದಿಲ್ಲವಲ್ಲ ಎಂದು ಕೇಳಬಹುದು. ವ್ಯತ್ಯಾಸ ಮರುದಿನ ಮಧ್ಯಾಹ್ನದಲ್ಲಿದೆ. ಇಲ್ಲಿ ರಾತ್ರಿ ಕಳೆದುಕೊಂಡ ಬಿಸಿಯನ್ನು ಹತ್ತು ಗಂಟೆಯ ಬಿಸಿಲು ಬಡ್ಡಿ ಸಮೇತ ಮರಳಿಸುತ್ತದೆ. ಲೀಡ್ಸಿನ ಡಿಸೆಂಬರ್ ಮಧ್ಯಾಹ್ನ ನಮ್ಮ ನಸುಕಿಗಿಂತ ತಣ್ಣಗೆ.

ಆಮೆ ಬಿಸಿಲನ್ನು ಎಷ್ಟು ಲೆಕ್ಕ ಹಾಕಿ ಬಳಸುತ್ತದೆ ಎಂಬುದನ್ನು ಆ ದೇಶದ ಒಬ್ಬ ಪಾದ್ರಿ ಇನ್ನೂರು ವರ್ಷಗಳಿಗೂ ಹಿಂದೆಯೇ ನೋಡಿ ಬರೆದಿದ್ದಾನೆ. ಗಿಲ್ಬರ್ಟ್ ವೈಟ್, ಸೆಲ್ಬೋರ್ನ್ ಎಂಬ ಹಳ್ಳಿಯವನು. ಅವನ ಸೋದರತ್ತೆಯ ಮನೆಯಲ್ಲಿ ಟಿಮೊಥಿ ಎಂಬ ಆಮೆಯಿತ್ತು. ಅತ್ತೆ ತೀರಿದ ಮೇಲೆ, 1780ರ ಮಾರ್ಚಿನಲ್ಲಿ, ನೆಲದಡಿ ಮಲಗಿದ್ದ ಅದನ್ನು ಅಗೆದು ತೆಗೆದು ಕುದುರೆ ಗಾಡಿಯಲ್ಲಿ 80 ಮೈಲಿ ತಂದ. ಗಾಡಿಯ ಕುಲುಕಾಟಕ್ಕೆ ಆಮೆಗೆ ಎಚ್ಚರವಾಯಿತು. ತೋಟದಲ್ಲಿ ಬಿಟ್ಟರೆ ಆ ತುದಿಯವರೆಗೆ ಎರಡು ಸಲ ನಡೆದು, ಸಂಜೆ ಥಂಡಿ ಬೀಸಿದ್ದೇ ಮತ್ತೆ ಮಣ್ಣು ಹೊಕ್ಕಿತು. ಶರತ್ಕಾಲದ ಮಂದ ಬಿಸಿಲಿನಲ್ಲಿ ಟಿಮೊಥಿ ಗೋಡೆಗೆ ಒರಗಿ, ಚಿಪ್ಪನ್ನು ಓರೆಯಾಗಿ ಸೂರ್ಯನ ಕಡೆ ತಿರುಗಿಸಿ ಕೂರುತ್ತಿದ್ದುದನ್ನು ಆತ ಗುರುತಿಸಿದ. ಇಂದು ಮನೆಮಾಳಿಗೆಯ ಸೋಲಾರ್ ಫಲಕವನ್ನು ಓರೆಯಾಗಿ ಕೂರಿಸುವವರ ಲೆಕ್ಕ ಅದೇ. 1793ರಲ್ಲಿ ವೈಟ್ ಹೋದ, ಮರುವರ್ಷ ಟಿಮೊಥಿ. ಅಷ್ಟು ವರ್ಷ ಗಂಡಸಿನ ಹೆಸರಿಟ್ಟು ಕರೆದ ಆಮೆ ಹೆಣ್ಣಾಗಿತ್ತೆಂಬುದು ಸತ್ತ ಮೇಲೆ ತಿಳಿಯಿತು. ಚಿಪ್ಪು ಈಗ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ.

ಟಿಮೊಥಿ ಪುಣ್ಯವಂತೆ. ಆಮೇಲಿನ ಕಾಲದಲ್ಲಿ ಮೆಡಿಟರೇನಿಯನ್ ದಂಡೆಯಿಂದ ಹಡಗುಗಳಲ್ಲಿ ಒಂದರ ಮೇಲೊಂದು ಪೇರಿಸಿ ಇಂಗ್ಲೆಂಡಿಗೆ ತಂದು ಮಾರಿದ ಆಮೆಗಳಲ್ಲಿ ಬಹಳಷ್ಟು ಮೊದಲ ಚಳಿಗಾಲವನ್ನೇ ದಾಟಲಿಲ್ಲ. 1984ರಲ್ಲಿ ಆ ವ್ಯಾಪಾರಕ್ಕೆ ನಿಷೇಧ ಬಿತ್ತು. ಗುಂಡನ ಜೊತೆ ಬಂದ ಸರ್ಟಿಫಿಕೇಟಿನ ಹಿಂದೆ ಈ ಕಥೆಯಿದೆ.

ನಮ್ಮ ಕೆರೆಗಳಲ್ಲೂ ಆಮೆ ಇದ್ದಾವೆ. ಸವಳು ನೀರಿನ ಬಾವಿಗಳ ಈ ಸೀಮೆಗೆ ಕುಡಿಯಲು ಕೆರೆಯೇ ಗತಿಯಾಗಿದ್ದ ಕಾಲದಲ್ಲಿ ಕೊಡ ಮುಳುಗಿಸುವಾಗ ಮೆಟ್ಟಿಲ ಬಳಿ ಮೂಗು ಮೇಲೆತ್ತಿ ಮುಳುಗುವ ಆಮೆಗಳು ಎಲ್ಲರಿಗೂ ಪರಿಚಯ. ಹಿಂಗಾಲು ಒಳಗೆಳೆದುಕೊಂಡರೆ ಚಿಪ್ಪಿನ ಅಡಿಯ ಮಡಿಕೆ ಬಾಗಿಲಾಗಿ ಮುಚ್ಚಿಕೊಳ್ಳುವ ಜಾತಿ. ಇವಕ್ಕೆ ಚಳಿಯ ಚಿಂತೆ ಕಡಿಮೆ, ಇವುಗಳ ಕಷ್ಟಕಾಲ ಬೇಸಿಗೆ. ಕೆರೆ ಬತ್ತಿ ಎರಿ ಮಣ್ಣು ಬಿರುಕು ಬಿಡುವ ಹೊತ್ತಿಗೆ ಕೆಸರಿನಾಳಕ್ಕೆ ಇಳಿದು ಮಲಗುತ್ತವೆ, ಮಳೆ ಬಂದಾಗ ಏಳುತ್ತವೆ. ಅಲ್ಲಿಯ ಆಮೆ ಹಿಮಕ್ಕೆ ಹೆದರಿ ಮಲಗಿದರೆ ಇಲ್ಲಿಯದು ಏಪ್ರಿಲ್ಲಿಗೆ ಹೆದರಿ ಮಲಗುತ್ತದೆ. ಕೋಲಾರ ಕಡೆಯ ಕುರುಚಲು ಕಾಡಿನ ನಕ್ಷತ್ರ ಆಮೆಗಂತೂ ಚಳಿಗಾಲದ ದೀರ್ಘ ನಿದ್ದೆಯೇ ಇಲ್ಲ. ಫ್ರಿಜ್ಜಿನ ವಿದ್ಯೆಯನ್ನು ಅದರ ಮೇಲೆ ಪ್ರಯೋಗಿಸಿದರೆ ಅದು ಏಳುವುದಿಲ್ಲ.

ಪ್ರಯೋಗಿಸುವ ಪ್ರಶ್ನೆಯೂ ಇಲ್ಲ ಎನ್ನಿ. ಕೆರೆಯ ಆ ಆಮೆ ಮತ್ತು ನಕ್ಷತ್ರ ಆಮೆ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಸೇರಿವೆ. 2022ರ ತಿದ್ದುಪಡಿಯ ನಂತರ ಎರಡೂ ಹುಲಿ ಆನೆಗಳಿರುವ ಮೊದಲ ಪಟ್ಟಿಯಲ್ಲೇ ಇವೆ. ಮನೆಯಲ್ಲಿ ಸಾಕಿದರೆ ಕನಿಷ್ಠ ಮೂರು ವರ್ಷ ಸೆರೆ, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಬೆನ್ನ ಮೇಲಿನ ಹಳದಿ ನಕ್ಷತ್ರಗಳೇ ನಕ್ಷತ್ರ ಆಮೆಗೆ ಶನಿಯಾಗಿ, ಸೂಟ್‌ಕೇಸುಗಳಲ್ಲಿ ತುಂಬಿ ಹೊರದೇಶಕ್ಕೆ ಸಾಗಿಸುತ್ತಾರೆ. ಹಾಗೆ ಹೋಗಿ ಸಿಂಗಪುರದಲ್ಲಿ ಸಿಕ್ಕ 51 ಆಮೆಗಳು 2018ರ ನವೆಂಬರಿನಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ಮರಳಿದವು. ಮರುವರ್ಷ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದಲ್ಲೂ ಅದರ ವ್ಯಾಪಾರಕ್ಕೆ ಪೂರ್ಣ ತಡೆ ಬಿತ್ತು. ಹೊರದೇಶದ ಆಮೆಯನ್ನು ಸಾಕುವವರಿಗೂ ದಾರಿ ಬಯಲೇನಿಲ್ಲ. ಆ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಯಾದರೆ 2024ರ ನಿಯಮಗಳಂತೆ ಸರಕಾರದ ಪರಿವೇಶ್ ಪೋರ್ಟಲ್ಲಿನಲ್ಲಿ ನೋಂದಣಿ ಆಗಬೇಕು.

ನಮ್ಮ ಓಣಿಯ ಹುಡುಗನೊಬ್ಬ ಹುಬ್ಬಳ್ಳಿಯಿಂದ ನಾಣ್ಯದಷ್ಟು ದೊಡ್ಡ ಹಸಿರು ಆಮೆಮರಿ ತಂದಿದ್ದಾನೆ, ಕಣ್ಣ ಹಿಂದೆ ಕೆಂಪು ಗೆರೆಯದು. ಅಮೆರಿಕದ ಮಿಸಿಸಿಪ್ಪಿ ಸೀಮೆಯ ನೀರಾಮೆ. ಗಾಜಿನ ಬೋಗುಣಿಯಲ್ಲಿ ಎರಡು ಬೆರಳು ನೀರು, ಒಂದು ಪ್ಲಾಸ್ಟಿಕ್ ತೆಂಗಿನಮರ. ಡಿಸೆಂಬರಿನಲ್ಲಿ ತಿನ್ನುವುದು ಬಿಟ್ಟಿತು, ಕಣ್ಣು ಊದಿ ಮುಚ್ಚಿತು. “ಚಳಿಗಾಲದ ನಿದ್ದಿ ಸರ್” ಅಂದ. ನಿದ್ದೆಯಲ್ಲ, ರೋಗ. ಬೋಗುಣಿ ತೆಗೆಸಿ, ದೊಡ್ಡ ತೊಟ್ಟಿ, 25 ಡಿಗ್ರಿಯ ನೀರು, ಏರಿ ಕೂರಲು ಒಂದು ಕಲ್ಲು ಮಾಡಿಸಿದ್ದಾಯಿತು. ಬಿಸಿಲಿಗೇನು, ನಮ್ಮ ಅಂಗಳದಲ್ಲಿ ಪುಕ್ಕಟೆ: ಬೆಳಿಗ್ಗೆ ಒಂಬತ್ತರ ಮೇಲೆ ಅರ್ಧ ತಾಸು, ಅರ್ಧ ನೆರಳಿಟ್ಟು, ಬೆಕ್ಕು ಕಾಗೆಗೆ ಕಾವಲಿದ್ದು. ಆದರೆ ಆ ಮರಿ ಮುಂದೆ ಊಟದ ತಾಟಿನಷ್ಟು ಬೆಳೆದು, ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಬೇಸರವಾದ ದಿನ ಕೆರೆಗೆ ಬಿಡುತ್ತೇನೆಂದರೆ ಅಲ್ಲಿ ನಮ್ಮ ಆಮೆಗಳ ಅನ್ನ, ಜಾಗ ಎರಡನ್ನೂ ಕಿತ್ತುಕೊಳ್ಳುತ್ತದೆ. ಇದನ್ನೂ ಆ ಹುಡುಗನಿಗೆ ಹೇಳಿದ್ದೇನೆ, ಮಾರಿದ ಅಂಗಡಿಯವರು ಹೇಳಿರಲಿಲ್ಲವಂತೆ.

ಹಾಗಾಗಿ ಓದುಗರಲ್ಲಿ ನನ್ನದು ಇಷ್ಟೇ ವಿನಂತಿ. ಮಕ್ಕಳು ಆಮೆ ಬೇಕೆಂದರೆ ಕೆರೆದಂಡೆಗೆ ಕರೆದುಕೊಂಡು ಹೋಗಿ ತೋರಿಸಿ. ಈಗಾಗಲೇ ಮನೆಯಲ್ಲಿ ಕಾಗದಪತ್ರವಿರುವ ಹೊರದೇಶದ ಮರಿಯಿದ್ದರೆ, ಈ ಚಳಿಗಾಲ ಮುಗಿಯುವ ಮೊದಲೇ ಒಂದು ಥರ್ಮಾಮೀಟರ್ ತಂದು ಅದರ ಬೆನ್ನಿನ ಎತ್ತರಕ್ಕೆ ಇಡಿ. ಮೊದಲ ಮಳೆಗೆ ಹುಬ್ಬಳ್ಳಿ–ಗದಗ ರಸ್ತೆಯಲ್ಲೋ ಹೊಲದ ದಾರಿಯಲ್ಲೋ ಆಮೆ ಅಡ್ಡ ಬಂದರೆ ಗಾಡಿ ನಿಲ್ಲಿಸಿ, ಎರಡೂ ಕೈಯಲ್ಲಿ ಚಿಪ್ಪು ಹಿಡಿದು, ಅದು ಮುಖ ಮಾಡಿದ್ದ ದಿಕ್ಕಿಗೇ ರಸ್ತೆ ದಾಟಿಸಿ ಬಿಡಿ. ಮನೆಗೆ ತರಬೇಡಿ.